ಆಣೆ ಇಟ್ಟು ತಂದ ಫ್ರಿಜ್

ನನ್ನ ಗಂಡನ ಕಣ್ಣಿಗೆ ಯಾವ ವಸ್ತುವೂ ಹಾಳಾಗುವುದಿಲ್ಲ. ಬಚ್ಚಲುಮನೆಯ ಬಕೆಟ್ಟಿನ ಹಿಡಿ ಮುರಿದರೆ ನೈಲಾನ್ ಹಗ್ಗ ಕಟ್ಟುತ್ತಾರೆ. ಆ ಹಗ್ಗಕ್ಕೆ ಸೋಪಿನ ಜಿಡ್ಡು ಮೆತ್ತಿಕೊಂಡು, ವಾರ ಕಳೆಯುವುದರೊಳಗೆ ಹಿಡಿದ ಕೈಗೆ ಲೋಳೆ ಅಂಟುತ್ತದೆ. ಪ್ಲಾಸ್ಟಿಕ್ ಜಗ್ಗು ಸೀಳು ಬಿಟ್ಟರೆ ಹಾಲಿನ ಕವರನ್ನು ಬೆಂಕಿಗೆ ಹಿಡಿದು, ಕರಗಿದ್ದನ್ನು ಸೀಳಿನ ಮೇಲೆ ತೊಟ್ಟಿಕ್ಕಿಸುತ್ತಾರೆ. ಆಮೇಲೆ ಆ ಜಗ್ಗಿನಲ್ಲಿ ಕುಡಿದ ನೀರಿಗೆಲ್ಲ ಸುಟ್ಟ ವಾಸನೆ. ಒಮ್ಮೆ ಸಿಂಕಿನ ಕೆಳಗಿನ ಪೈಪು ಸೋರಿದಾಗ ಹಳೆಯ ಸೈಕಲ್ ಟ್ಯೂಬು ಕತ್ತರಿಸಿ ಸುತ್ತಿದ್ದರು. ಸೋರುವುದು ನಿಂತಿತು, ನಿಜ. ಆದರೆ ಟ್ಯೂಬಿನ ಮಡಿಕೆಯಲ್ಲಿ ಮುಸುರೆ ನೀರು ನಿಂತು ಹುಳ ಬಿತ್ತು.

ರಿಪೇರಿಯ ಮೇಲೆ ನನಗೆ ಸಿಟ್ಟಿಲ್ಲ. ಕುಕ್ಕರಿನ ಹಿಡಿ ಸಡಿಲವಾದರೆ ನಾನೇ ಬಿಗಿ ಮಾಡುತ್ತೇನೆ, ನಲ್ಲಿಯ ವಾಷರ್ ನಾನೇ ಬದಲಿಸುತ್ತೇನೆ, ಮಿಕ್ಸಿಯ ಜಾರಿನ ಬುಡದಲ್ಲಿ ಕೂತ ಮಸಾಲೆಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ ತೆಗೆಯುತ್ತೇನೆ. ಒರೆಸದೆ ಅಂಟಿಸುವುದು, ತೊಳೆಯದೆ ಕಟ್ಟುವುದು, ಇದನ್ನು ಕಂಡರೆ ನನಗೆ ಹೇಸಿಗೆ. ಇದನ್ನು ಹೇಳಿದಾಗಲೆಲ್ಲ ಅವರು ನಗುತ್ತಾರೆ. "ಟೀಚರ್ ಕಣಮ್ಮ ನೀನು, ಎಲ್ಲಾದ್ರಲ್ಲೂ ತಪ್ಪು ಹುಡುಕ್ತೀಯ" ಎನ್ನುತ್ತಾರೆ.

ನಾನು ನಗರದಂಚಿನ ಕೋಗಿಲಿನ ಒಂದು ಸಣ್ಣ ಶಾಲೆಯಲ್ಲಿ ಕನ್ನಡ ಪಾಠ ಹೇಳುತ್ತೇನೆ. ಅವರು ಸೋಲದೇವನಹಳ್ಳಿ ಕಡೆಯ ಕಾಲೇಜೊಂದರ ಬಸ್ಸು ಓಡಿಸುತ್ತಾರೆ. ಮನೆಯಲ್ಲಿ ನಾವಿಬ್ಬರು, ಜೊತೆಗೆ ನಮ್ಮತ್ತೆ. ಅತ್ತೆ ಕೋಗಿಲು ಹಳ್ಳಿಯಾಗಿದ್ದಾಗ ಇಲ್ಲಿಗೆ ಸೊಸೆಯಾಗಿ ಬಂದವರು. ಸುತ್ತ ಅಪಾರ್ಟ್‌ಮೆಂಟುಗಳು ಎದ್ದಿದ್ದು ಅವರ ನಾಲಿಗೆಗೆ ಗೊತ್ತೇ ಆಗಿಲ್ಲ. ಇವತ್ತಿಗೂ "ಓಗು", "ಇಂಗೆ", "ಅಂಗೆ" ಎಂದೇ ಮಾತಾಡುತ್ತಾರೆ.

ಆ ವರ್ಷ ಬೇಸಿಗೆ ಶುರುವಾಗುವ ಹೊತ್ತಿಗೆ ನಮ್ಮ ಹಳೆಯ ಫ್ರಿಜ್ ನಿಂತುಹೋಯಿತು. ನೋಡಲು ಬಂದ ಮೆಕ್ಯಾನಿಕ್, ಇದಕ್ಕೆ ಹಾಕುವ ದುಡ್ಡಿಗೆ ಇನ್ನೊಂದು ಬರುತ್ತದೆ ಎಂದು ಹೇಳಿ ಹೋದ. ಹೊಸದನ್ನು ಕಂತಿನಲ್ಲಿ ತಗೊಳ್ಳೋಣ ಎಂದೆ ನಾನು. ಅವರು ಆಗಲೇ ಫೋನಿನಲ್ಲಿ ಹುಡುಕತೊಡಗಿದ್ದರು. ಹಳೆಯ ಸಾಮಾನು ಮಾರುವ ಗುಂಪುಗಳು ಅವರ ಫೋನಿನಲ್ಲಿ ಎಷ್ಟಿವೆಯೋ ದೇವರಿಗೇ ಗೊತ್ತು. ಸಂಜೆಯೊಳಗೆ ಒಂದು ಫೋಟೋ ತಂದು ನನ್ನ ಮುಖಕ್ಕೆ ಹಿಡಿದರು.

"ಡಬಲ್ ಡೋರ್! ಪುಟ್ಟೇನಹಳ್ಳಿ ಕೆರೆ ಪಕ್ಕದ ಅಪಾರ್ಟ್‌ಮೆಂಟು. ಅವರು ಇನ್ನೂ ದೊಡ್ಡದು ತಗೊಂಡವ್ರಂತೆ, ಅದಕ್ಕೇ ಇದನ್ನ ಕೊಡ್ತಾವ್ರೆ. ಪ್ಯೂರ್ ವೆಜ್ ಫ್ಯಾಮಿಲಿ ಕಣೇ, ತುಂಬಾ ಕ್ಲೀನ್ ಜನ."

"ವೆಜ್ ಅಂದ್ರೆ ಕ್ಲೀನ್ ಅಂತ ಯಾರು ಹೇಳಿದ್ದು?" ಎಂದೆ. ಅವರಿಗೆ ಅದು ಕೇಳಿಸಲೇ ಇಲ್ಲ.

ಭಾನುವಾರ ಬೆಳಿಗ್ಗೆ ಇಬ್ಬರೂ ಸ್ಕೂಟರಿನಲ್ಲಿ ಹೋದೆವು. ಬಾಗಿಲು ತೆಗೆದವರು ನನ್ನದೇ ವಯಸ್ಸಿನ ಹೆಂಗಸು. ಕೈಮಗ್ಗದ ಸೀರೆ, ಹಣೆಯಲ್ಲಿ ಸಣ್ಣ ಕುಂಕುಮ, ಮಾತು ಮೃದು. ಒಳಗೆಲ್ಲ ಊದುಬತ್ತಿಯ ಪರಿಮಳ, ನೆಲ ಫಳಫಳ ಹೊಳೆಯುತ್ತಿತ್ತು. ಚಪ್ಪಲಿಯನ್ನು ಆಚೆ ಬಿಟ್ಟು ನಾವು ಒಳಗೆ ಕಾಲಿಟ್ಟರೆ, ಅವರು ನಮ್ಮ ಪಾದಗಳನ್ನೇ ನೋಡುತ್ತಿದ್ದರು. ಕುಡಿಯಲು ನೀರು ಕೇಳಿದ್ದಕ್ಕೆ ಪೇಪರ್ ಲೋಟದಲ್ಲಿ ತಂದುಕೊಟ್ಟರು. ಪಕ್ಕದಲ್ಲೇ ಸ್ಟ್ಯಾಂಡಿನ ತುಂಬ ಸ್ಟೀಲಿನ ಲೋಟಗಳಿದ್ದವು. ಆ ಪೇಪರ್ ಲೋಟವನ್ನು ಕೈಯಲ್ಲಿ ಹಿಡಿದುಕೊಂಡೇ ಕೂತೆ, ಕುಡಿಯಲಿಲ್ಲ.

ಫ್ರಿಜ್ ಹೊರಗಿನಿಂದ ಕನ್ನಡಿಯಂತಿತ್ತು. ಬಾಗಿಲು ತೆಗೆದರೆ ಕರ್ಪೂರದ ವಾಸನೆ ಗಮ್ಮೆಂದಿತು. ತರಕಾರಿಯ ಡಬ್ಬಿ ಎಳೆದು ನೋಡೋಣವೆಂದು ನಾನು ಬಗ್ಗಿದೆ.

"ಎಲ್ಲಾ ವರ್ಕಿಂಗ್ ಇದೆ. ನೀವೇನೂ ಟೆನ್ಷನ್ ಮಾಡ್ಕೋಬೇಡಿ" ಎಂದು ಆ ಹೆಂಗಸು ಬಾಗಿಲನ್ನು ಮೆಲ್ಲಗೆ ಮುಚ್ಚಿಬಿಟ್ಟರು. ಆಮೇಲೆ "ಒಂದು ವಿಷಯ ಕೇಳ್ಬೇಕಿತ್ತು, ತಪ್ಪು ತಿಳ್ಕೋಬೇಡಿ. ನೀವು ನಾನ್‌ವೆಜ್ ಮಾಡ್ತೀರಾ?" ಎಂದರು.

ನಾನು "ಹೂಂ" ಅನ್ನುವಷ್ಟರಲ್ಲಿ ನನ್ನ ಗಂಡ ನಡುವೆ ಬಂದರು. "ಯಾವಾಗಾದ್ರೂ ಒಂದೊಂದ್ ಸಲ ಮೇಡಂ. ಫ್ರಿಜ್‌ನಲ್ಲಿ ಇಡಲ್ಲ."

"ಅಲ್ಲಾ, ಯಾಕೆ ಕೇಳಿದೆ ಅಂದ್ರೆ, ಇದ್ರಲ್ಲಿ ನಾವು ದೇವರ ಅಭಿಷೇಕಕ್ಕೆ ಹಾಲು ಮೊಸರು ಇಡ್ತಿದ್ವಿ. ಸೆಂಟಿಮೆಂಟ್ ಇರತ್ತೆ ನೋಡಿ. ಇದ್ರೊಳಗೆ ಮೀನು ಮಾಂಸ ಅಂತ ಯೋಚನೆ ಮಾಡಿದ್ರೇನೇ ನಂಗೆ ಒಂಥರಾ ಆಗತ್ತೆ. ನೆನ್ನೆ ಒಬ್ರು ಬಂದಿದ್ರು, ಕೊಡಲ್ಲ ಅಂದ್ಬಿಟ್ಟೆ. ನೀವು ಪ್ರಾಮಿಸ್ ಮಾಡಿದ್ರೆ ಬೆಲೆಯಲ್ಲಿ ಅಡ್ಜಸ್ಟ್ ಮಾಡ್ಕೋತೀನಿ."

ಬನ್ನಿ ಹೋಗೋಣ ಎಂದು ನಾನು ಗಂಡನ ತೋಳು ಹಿಡಿದೆ. ಅವರು ತೋಳು ಬಿಡಿಸಿಕೊಂಡು, ಎದೆಯ ಮೇಲೆ ಕೈಯಿಟ್ಟು, "ನಮ್ಮಮ್ಮನಾಣೆ ಮೇಡಂ, ಒಂದು ಮೊಟ್ಟೆ ಕೂಡ ಇಡಲ್ಲ" ಎಂದುಬಿಟ್ಟರು.

ಆ ಹೆಂಗಸಿನ ಮುಖ ಅರಳಿತು. ಹಾಲ್‌ನಲ್ಲಿ ನಿಂತಿದ್ದ ನನಗೆ ಮೈಮೇಲೆ ಏನೋ ಹರಿದಂತಾಯಿತು. ನಾವು ದುಡ್ಡು ಕೊಟ್ಟು ಕೊಳ್ಳುವ ವಸ್ತುವಿನೊಳಗೆ ನಾವು ಏನಿಡಬೇಕೆಂದು ಆಕೆ ಹೇಳುವುದು. ನಾಲ್ಕು ಕಾಸು ಉಳಿಯುತ್ತದೆಂದು ನನ್ನ ಗಂಡ ತಾಯಿಯ ಮೇಲೆ ಆಣೆ ಇಡುವುದು. ಯಾರ ಮೇಲೆ ಹೆಚ್ಚು ಹೇಸಿಗೆಯಾಯಿತೆಂದು ಕೇಳಿದರೆ ಈಗಲೂ ಹೇಳಲಾರೆ.

ದಾರಿಯುದ್ದಕ್ಕೂ ಜಗಳ. "ಬಾಯಿಮಾತಿಗೆ ಹೇಳ್ದೆ ಕಣೇ. ಅವರೇನು ಬಂದು ಬಾಗಿಲು ತೆಗ್ದು ನೋಡ್ತಾರಾ?" ಎಂದರು.

"ಅತ್ತೆಗೆ ಹೇಳ್ತೀರಾ?"

"ಥೂ, ಅಮ್ಮಂಗ್ಯಾಕೆ ಹೇಳ್ಬೇಕು? ಸುಮ್ನಿರು."

ಸಂಜೆಗೆ ಲಗೇಜ್ ಆಟೋದಲ್ಲಿ ಫ್ರಿಜ್ ಬಂತು. ಅಡುಗೆಮನೆಯ ಮೂಲೆಯಲ್ಲಿ ನಿಲ್ಲಿಸಿ, ಮರುದಿನ ಬೆಳಿಗ್ಗೆ ಸ್ವಿಚ್ ಹಾಕಿದೆವು. ತಣ್ಣಗಾಯಿತು, ಐಸೂ ಕಟ್ಟಿತು. ನನ್ನ ಗಂಡ ಬಸ್ಸಿನ ಸಿಬ್ಬಂದಿಗೆಲ್ಲ ಫೋಟೋ ಕಳಿಸಿ ಹೊಗಳಿಸಿಕೊಂಡರು.

ಕರ್ಪೂರದ ವಾಸನೆ ಎರಡು ದಿನಕ್ಕೆ ಇಳಿಯಿತು. ಅದರ ಅಡಿಯಲ್ಲಿ ಅಷ್ಟು ಹೊತ್ತು ಅಡಗಿಕೊಂಡಿದ್ದ ಇನ್ನೊಂದು ವಾಸನೆ ಎದ್ದು ಬಂತು. ಒದ್ದೆ ಬಟ್ಟೆಯನ್ನು ಮುದುರಿ ತಿಂಗಳುಗಟ್ಟಲೆ ಮೂಲೆಯಲ್ಲಿಟ್ಟರೆ ಬರುವಂಥದ್ದು, ಜೊತೆಗೆ ಹಳಸಿದ ಹಾಲಿನ ಹುಳಿ, ಅದರ ಹಿಂದೆ ಸತ್ತದ್ದರ ಸಿಹಿ. ಹಾಲು ಕುಡಿದರೆ ಅದೇ ವಾಸನೆ. ದೋಸೆ ಹಿಟ್ಟಿಗೂ ಅದೇ.

ಅತ್ತೆ ಬಾಗಿಲು ತೆಗೆದು ಮೂಗು ಮುಚ್ಚಿಕೊಂಡರು. "ಏನವ್ವಾ ಇದು, ಎಗ್ಗಣ ಸತ್ತಂಗೆ ನಾತ ಒಡೀತೈತೆ!"

ನನ್ನ ಗಂಡ ತಮ್ಮ ವೈದ್ಯ ಶುರು ಮಾಡಿದರು. ಒಂದು ದಿನ ನಿಂಬೆಹಣ್ಣು ಹೋಳು ಮಾಡಿ ಇಟ್ಟರು. ಇನ್ನೊಂದು ದಿನ ಬಟ್ಟಲಲ್ಲಿ ಅಡುಗೆ ಸೋಡ, ಮತ್ತೊಂದು ದಿನ ಕಾಫಿಪುಡಿ, ಆಮೇಲೆ ಇಸ್ತ್ರಿ ಅಂಗಡಿಯಿಂದ ಇದ್ದಿಲು. ಇವೆಲ್ಲ ಒಳ್ಳೆಯ ಉಪಾಯಗಳೇ. ತೊಳೆದ ಫ್ರಿಜ್‌ನಲ್ಲಿ ಉಳಿದ ಸಣ್ಣ ವಾಸನೆಯನ್ನು ಹೀರಿಕೊಳ್ಳುತ್ತವೆ. ಆದರೆ ಒಳಗೆ ಎಲ್ಲೋ ಕೊಳೆಯುತ್ತಿರುವಾಗ ಇದ್ದಿಲು ಏನು ಮಾಡೀತು? ಕೊನೆಗೆ ನಿಂಬೆ, ಕಾಫಿ, ಕೊಳೆ ಮೂರೂ ಬೆರೆತು, ಬಾಗಿಲು ತೆಗೆದ ಕೂಡಲೇ ಗಂಟಲಿಗೆ ಬಂದು ಹಿಡಿಯುತ್ತಿತ್ತು. ಜೊತೆಗೆ ತರಕಾರಿಯ ಡಬ್ಬಿಯ ಕೆಳಗೆ ನೀರು ನಿಲ್ಲತೊಡಗಿತು. ಬಾಗಿಲೂ ಸರಿಯಾಗಿ ಕೂರುತ್ತಿರಲಿಲ್ಲ. ಒಂದು ಕಾಗದವನ್ನು ಬಾಗಿಲಿಗೆ ಸಿಕ್ಕಿಸಿ ಎಳೆದು ನೋಡಿದೆ. ಹಿಡಿತವೇ ಇಲ್ಲದೆ ಸರಕ್ಕನೆ ಜಾರಿ ಬಂತು.

ಯುಗಾದಿಗೆ ಮುಂಚಿನ ಭಾನುವಾರ ನಾನು ಸ್ವಿಚ್ ಆರಿಸಿ, ಸೆರಗು ಸಿಕ್ಕಿಸಿ ನಿಂತೆ.

"ಬಿಡೇ, ಓಡ್ತಾ ಓಡ್ತಾ ತಾನೇ ಹೋಗುತ್ತೆ" ಎಂದರು ಗಂಡ.

"ನೀವು ಆಚೆ ಹೋಗಿ" ಎಂದೆ.

ಗಾಜಿನ ಹಲಗೆಗಳನ್ನೆಲ್ಲ ತೆಗೆದೆ. ಹಲಗೆಯ ಮೇಲುಭಾಗ ಫಳಫಳ, ಅಂಚಿನ ಪ್ಲಾಸ್ಟಿಕ್ ಪಟ್ಟಿಯೊಳಗೆ ಕಂದು ಬಣ್ಣದ ಗಟ್ಟಿ ಅಂಟು. ಯಾವುದೋ ಕಾಲದ ಸಾರು, ಯಾವುದೋ ಕಾಲದ ಪಾಯಸ. ಬಾಗಿಲಿನ ರಬ್ಬರನ್ನು ಬೆರಳಿನಿಂದ ಬಿಡಿಸಿದೆ. ಮಡಿಕೆಯ ಒಳಗೆ ಕಪ್ಪು ಬೂಷ್ಟು ತುಂಬಿತ್ತು. ಅದರಲ್ಲಿ ಅನ್ನದ ಅಗುಳು, ಕೂದಲು, ಜಿರಳೆಯ ಮೊಟ್ಟೆಯ ಚೀಲಗಳು, ಹುಣಿಸೆ ಬೀಜದಂತೆ ಸಾಲಾಗಿ ಅಂಟಿಕೊಂಡಿದ್ದವು. ಬ್ರಷ್ಷು ಹಾಕಿ ಉಜ್ಜುವಾಗ ಒಂದು ಚೀಲ ಒಡೆದು ನನ್ನ ಉಗುರಿಗೆ ಮೆತ್ತಿತು. ಕೈಯನ್ನು ಎಷ್ಟು ಸಲ ತೊಳೆದರೂ ಆ ಕೈಯಲ್ಲಿ ಆ ದಿನ ಊಟ ಮಾಡಲಾಗಲಿಲ್ಲ.

ಒಳಗಡೆ ಹಿಂಭಾಗದಲ್ಲಿ, ತರಕಾರಿ ಡಬ್ಬಿ ಕೂರುವ ಜಾಗದ ಮೇಲೆ ಸಣ್ಣ ತೂತೊಂದಿರುತ್ತದೆ. ಕರಗಿದ ಐಸಿನ ನೀರು ಅದರ ಮೂಲಕ ಹಿಂದಕ್ಕೆ ಹೋಗಬೇಕು. ಅದು ಕಟ್ಟಿಕೊಂಡಿತ್ತು. ಮೆತ್ತನೆಯ ವೈರಿನ ತುದಿಗೆ ಬಟ್ಟೆ ಸುತ್ತಿ ತೂರಿಸಿದೆ. ಆಮೇಲೆ ಸೂಜಿ ತೆಗೆದ ಸಿರಿಂಜಿನಲ್ಲಿ ಬಿಸಿನೀರು ಬಿಟ್ಟೆ. ಗುಳುಗುಳು ಸದ್ದಾಗಿ, ಮೂಗಿನ ಸಿಂಬಳದಂಥ ಹಸಿರು ಲೋಳೆ ಹಿಂದಕ್ಕೆ ಜಾರಿತು. ಹಾಗಾದರೆ ಅದು ಎಲ್ಲಿಗೆ ಹೋಗಿ ಬಿತ್ತು ಎಂದು ನೋಡಬೇಕಲ್ಲ? ಫ್ರಿಜ್ಜನ್ನು ಗೋಡೆಯಿಂದ ಎಳೆದು, ಸ್ಕ್ರೂಡ್ರೈವರಿನಲ್ಲಿ ಹಿಂದಿನ ರಟ್ಟು ಬಿಚ್ಚಿದೆ.

ಮೋಟಾರಿನ ಮೇಲೆ ಪ್ಲಾಸ್ಟಿಕ್ ತಟ್ಟೆಯೊಂದಿತ್ತು. ನೀರು ಅದರಲ್ಲಿ ಬಿದ್ದು, ಮೋಟಾರಿನ ಬಿಸಿಗೆ ಆವಿಯಾಗಬೇಕು. ಅದನ್ನು ಕೊಂಡ ದಿನದಿಂದ ಯಾರೂ ಮುಟ್ಟಿದಂತಿರಲಿಲ್ಲ. ತಟ್ಟೆಯ ತುಂಬ ಕಪ್ಪು ಕೆಸರು. ಕೆಸರಿನ ಮೇಲೆ ಜಿರಳೆ ರೆಕ್ಕೆಗಳು ತೇಲುತ್ತಿದ್ದವು. ನಡುವೆ ಒಂದು ಹಲ್ಲಿ. ಮೇಲಿನ ಅರ್ಧ ಒಣಗಿ ಚಕ್ಕೆಯಾಗಿತ್ತು, ಕೆಳಗಿನ ಅರ್ಧ ಕೆಸರಿನಲ್ಲಿ ಕರಗಿ ಬೆಳ್ಳಗೆ ಬೆಂದಂತಿತ್ತು. ಅದರ ಪಕ್ಕ ಅದರ ಬಾಲ.

ನಾನು ಬಚ್ಚಲಿಗೆ ಓಡಿದೆ. ಬೆಳಗಿನ ತಿಂಡಿಯೆಲ್ಲ ಹೊರಬಂತು. ಅದರ ಮೇಲಿಂದ ಬಂದ ಗಾಳಿಯಲ್ಲೇ ನಾವು ಅನ್ನ ಉಂಡಿದ್ದೆವು, ಕಾಫಿ ಕುಡಿದಿದ್ದೆವು. ನೆನೆದು ನೆನೆದು ಮತ್ತೆ ವಾಂತಿ.

ಬಂದು ನೋಡಿದರೆ ಅತ್ತೆ ಫ್ರಿಜ್ಜಿನ ಹಿಂದೆ ಕುಕ್ಕರುಗಾಲಲ್ಲಿ ಕೂತು, ಎರಡು ತೆಂಗಿನ ಕಡ್ಡಿಯಲ್ಲಿ ಆ ಹಲ್ಲಿಯನ್ನು ಎತ್ತಿ ಪೇಪರಿಗೆ ಹಾಕುತ್ತಿದ್ದರು. "ಕುರಿ ಕರ್ಳು ತೊಳ್ದೋಳು ಕಣವ್ವ ನಾನು. ಓಗು, ಮಕ ತೊಳ್ಕೋ. ತಟ್ಟೆಗೆ ಬಿಸಿನೀರು, ಸೋಪಿನಪುಡಿ ಕೊಡು" ಎಂದರು.

ನನ್ನ ಗಂಡ ಬಾಗಿಲಲ್ಲಿ ಕರ್ಚೀಫು ಮೂಗಿಗೆ ಹಿಡಿದು ನಿಂತಿದ್ದರು. ಆ ಕರ್ಚೀಫು ಕಂಡು ನನ್ನ ತಾಳ್ಮೆ ಕೆಟ್ಟಿತು.

"ಇದಕ್ಕೇನ್ರೀ ನೀವು ಅತ್ತೆ ಮೇಲೆ ಆಣೆ ಇಟ್ಟು ಬಂದಿದ್ದು? ಇದ್ರೊಳಗೆ ನಮ್ಮ ಒಂದು ಮೊಟ್ಟೆ ಇಟ್ರೆ ಮೈಲಿಗೆ ಆಗುತ್ತೆ ಅಂತಾನಾ?"

ಅತ್ತೆಯ ಕೈಯಲ್ಲಿದ್ದ ಕಡ್ಡಿ ನಿಂತಿತು. "ಏನಂದೆ? ಯಾರ್ ಮೇಲೆ ಆಣೆ?"

ನಾನು ಎಲ್ಲವನ್ನೂ ಹೇಳಿದೆ. ಪೇಪರ್ ಲೋಟ, ಅಭಿಷೇಕದ ಹಾಲು, ಎದೆಯ ಮೇಲಿಟ್ಟ ಕೈ. ಅತ್ತೆ ಮಗನ ಕಡೆ ತಿರುಗಿದರು. "ಬೆಲೆ ಇಳೀತದೆ ಅಂತ ನನ್ ತಲೆ ಮೇಲೆ ಆಣೆ ಇಕ್ಕಿದ್ಯೇನ್ಲಾ? ನಾನು ಸತ್ರೂ ಪರವಾಗಿಲ್ಲ, ಡಬಲ್ ಡೋರು ಬಂದ್ರೆ ಸಾಕಾ?"

"ಅಂಗಲ್ಲಮ್ಮಾ, ಬಾಯಿಮಾತಿಗೆ..."

"ಆಣೆ ಎಲ್ಲಾದ್ರೂ ಬಾಯಿಮಾತು ಆಯ್ತದಾ?"

ಅಲ್ಲಿಗೆ ಅತ್ತೆ ಒಂದು ಕಟ್ಟಪ್ಪಣೆ ಹೊರಡಿಸಿದರು: ಇದರೊಳಗೆ ಮಾಂಸ, ಮೀನು, ಮೊಟ್ಟೆ ಯಾವುದೂ ಹೋಗಕೂಡದು. ನಾನು ಬೆಪ್ಪಾದೆ. ಇಷ್ಟು ಕೊಳಕನ್ನು ಕೈಯಾರೆ ಬಳಿದ ಮೇಲೂ ಆ ಹೆಂಗಸಿನ ಮಾತೇ ನಮ್ಮ ಅಡುಗೆಮನೆಯಲ್ಲಿ ನಡೆಯಬೇಕೇ? "ಅವ್ಳಿಗೋಸ್ಕರ ಅಲ್ಲ ಕಣವ್ವ, ನನ್ ಜೀವಕ್ಕೆ" ಎಂದರು ಅತ್ತೆ. ನಾನು ಮತ್ತೆ ಕೆಲಸಕ್ಕೆ ಕೂತೆ. ರಬ್ಬರು ಅಲ್ಲಲ್ಲಿ ಸೊಟ್ಟಗಾಗಿತ್ತು. ಬಿಸಿನೀರಿನ ಬಟ್ಟೆಯಿಂದ ಶಾಖ ಕೊಟ್ಟು, ಮೆತ್ತಗಾದ ಮೇಲೆ ಎಳೆದು ನೇರ ಮಾಡಿ, ಒಂಚೂರು ವ್ಯಾಸಲಿನ್ ಸವರಿದೆ. ಒಳಗನ್ನೆಲ್ಲ ಸೋಡದ ನೀರಿನಲ್ಲಿ ಒರೆಸಿ, ಬಾಗಿಲು ತೆರೆದಿಟ್ಟು ಒಣಗಿಸಿದೆ. ಸಂಜೆ ಮತ್ತೆ ಕಾಗದ ಸಿಕ್ಕಿಸಿ ಎಳೆದರೆ ಬಿಗಿಯಾಗಿ ಹಿಡಿದುಕೊಂಡಿತು. ವಾಸನೆ ಹೋಯಿತು. ನನ್ನ ಮೂಗಿನಿಂದ ಮಾತ್ರ ಹೋಗಲಿಲ್ಲ.

ಯುಗಾದಿ ಕಳೆದು ಮರುದಿನ ಹೊಸತೊಡಕು ಬಂತು. ಅಂದು ನಮ್ಮ ಕಡೆ ಮಾಂಸದೂಟ ಇಲ್ಲದ ಮನೆಯಿಲ್ಲ. ಹಳೆಯ ಮನೆತನದವರು ನಾಲ್ಕೈದು ಮನೆ ಸೇರಿ ಕುರಿ ಕೊಯ್ಯಿಸಿ ಸಮಪಾಲಿನ ಗುಡ್ಡೆ ಹಾಕಿ ಹಂಚಿಕೊಳ್ಳುತ್ತಾರೆ. ನಮ್ಮ ಪಾಲಿನ ಗುಡ್ಡೆ ಮೂರು ಜನಕ್ಕೆ ಬಹಳ ಹೆಚ್ಚಾಯಿತು. ಸುಡುವ ಬಿಸಿಲು. ಮಿಕ್ಕಿದ್ದಕ್ಕೆ ಉಪ್ಪು ಅರಿಸಿನ ಹಚ್ಚಿ ದಾರಕ್ಕೆ ಪೋಣಿಸಿ ಮಹಡಿಯಲ್ಲಿ ಒಣಹಾಕುವುದು ಎಂದು ಅತ್ತೆ ನಿಶ್ಚಯಿಸಿದ್ದರು. ಕಾಗೆಗಳು ಆಗಲೇ ಮಹಡಿಯ ಅಂಚಿನಲ್ಲಿ ಬಂದು ಕೂತಿದ್ದವು. ನೊಣ ಬೇರೆ. ದೊಡ್ಡ ಖಾಲಿ ಫ್ರಿಜ್ ಪಕ್ಕದಲ್ಲಿ ಗುಂಯ್ ಎನ್ನುತ್ತಿತ್ತು, ನಾವು ಮಾಂಸದ ಬೋಗುಣಿಗೆ ಒದ್ದೆ ಬಟ್ಟೆ ಮುಚ್ಚಿ ಬೀಸಣಿಗೆ ಬೀಸುತ್ತಿದ್ದೆವು.

ಆ ಹೊತ್ತಿಗೆ ನನ್ನ ಗಂಡನ ಫೋನು ಬಡಿದುಕೊಂಡಿತು. ಅವರ ಕೈ ಮಸಾಲೆ ರುಬ್ಬಿ ಖಾರವಾಗಿತ್ತು, ನಾನೇ ತೆಗೆದು ಸ್ಪೀಕರಿಗೆ ಹಾಕಿದೆ. ಅದೇ ಮೃದು ದನಿ.

"ಹ್ಯಾಪಿ ಯುಗಾದಿ. ಫ್ರಿಜ್ ಚೆನ್ನಾಗಿದೆ ಅಲ್ವಾ? ಇಲ್ಲಾ, ಇವತ್ತು ನಿಮ್ಮವರಲ್ಲಿ ಅದೇನೋ ಹೊಸತೊಡಕು ಅಂತ ಮಾಡ್ತಾರಲ್ವಾ, ನಮ್ಮ ಕೆಲಸದವಳು ರಜ ಹಾಕಿದ್ಳು, ಆಗ ನೆನಪಾಯ್ತು. ಸುಮ್ನೆ ರಿಮೈಂಡ್ ಮಾಡೋಣ ಅಂತ. ಮಾತು ಕೊಟ್ಟಿದ್ದೀರಿ."

"ಮೇಡಂ, ಮೋಟಾರಿನ ಮೇಲಿರೋ ತಟ್ಟೇಲಿ ಹಲ್ಲಿ ಸತ್ತು ಕೊಳೆತಿತ್ತು. ರಬ್ಬರಿನ ತುಂಬ ಜಿರಳೆ ಮೊಟ್ಟೆ. ನಿಮಗೆ ಗೊತ್ತಿತ್ತಾ?" ಎಂದೆ.

"ಛೀ, ಏನ್ ಮಾತಾಡ್ತಿದ್ದೀರಾ ನೀವು! ನಮ್ಮನೇಲಿ ಅವೆಲ್ಲ ಇಲ್ಲವೇ ಇಲ್ಲ. ನಿಮ್ಮ ಮನೇಲೇ ಸೇರ್ಕೊಂಡಿರತ್ತೆ. ನಾನ್‌ವೆಜ್ ಮಾಡೋ ಕಡೆ ಅದೆಲ್ಲ ಜಾಸ್ತಿ ಬರತ್ತೆ, ನಿಮಗೇ ಗೊತ್ತಿರತ್ತಲ್ಲ."

"ನಮ್ಮನೆಗೆ ಬಂದು ಎರಡು ವಾರ ಆಗಿರಲಿಲ್ಲ. ಅಷ್ಟರಲ್ಲಿ ಹಲ್ಲಿ ಚಕ್ಕೆ ಥರ ಒಣಗಲ್ಲ ಮೇಡಂ. ಅದು ನೀವು ಅಭಿಷೇಕದ ಹಾಲು ಇಡ್ತಿದ್ದಾಗ್ಲೇ ಅಲ್ಲಿತ್ತು."

"ಯೂ ಪೀಪಲ್..." ಎಂದೇನೋ ಶುರುಮಾಡಿ ಫೋನಿಟ್ಟರು.

ನನ್ನ ಗಂಡ ತಲೆ ತಗ್ಗಿಸಿ ರುಬ್ಬಿದ ಮಸಾಲೆಯನ್ನೇ ಕಲಸುತ್ತಿದ್ದರು. ಅತ್ತೆ ಕೈಯಲ್ಲಿದ್ದ ಸೂಜಿ ದಾರವನ್ನು ಕೆಳಗಿಟ್ಟರು.

"ಆಣೆ ಇಕ್ಕಿದ್ದು ಯಾರ್ ಮೇಲೆ?" ಎಂದರು.

"ನಿಮ್ಮ ಮೇಲೆ" ಎಂದೆ.

"ನನ್ ಮೇಲಿರೋ ಆಣೇನ ನಾನೇ ತೆಗ್ದಾಕಿದೀನಿ. ಸಾಯೋದಾದ್ರೆ ಸಾಯ್ತೀನಿ, ವಯಸ್ಸಾಗೈತೆ. ಆ ಎಂಗ್ಸಿಗೆ ಇನ್ನೊಂದ್ ಕಿತಾ ಫೋನ್ ಮಾಡ್ಬ್ಯಾಡ ಅಂತ ಯೋಳು." ಹೀಗೆಂದವರೇ ಎದ್ದು, ಬೋಗುಣಿಯನ್ನು ಎರಡೂ ಕೈಯಲ್ಲಿ ಎತ್ತಿ, ಮೊಣಕೈಯಿಂದ ಬಾಗಿಲು ಸರಿಸಿ, ಫ್ರಿಜ್‌ನ ನಟ್ಟನಡುವಿನ ಹಲಗೆಯ ಮೇಲೆ ಕುಕ್ಕಿದರು. ಬಾಗಿಲು ಮುಚ್ಚುವ ಮುಂಚೆ ಒಂದು ಸಲ ನನ್ನ ಕಡೆ ತಿರುಗಿ ನೋಡಿದರು. ಮುಖದಲ್ಲಿ ಭಯವಿತ್ತು. ನಗು ಇರಲಿಲ್ಲ.

ನನಗೆ ಆಗ ಗೆದ್ದಂತೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಯಾರೋ ಒಬ್ಬರ ಹೇಸಿಗೆಗಾಗಿ ಈ ಮುದುಕಿ ತನ್ನ ಜೀವವನ್ನು ಪಣಕ್ಕಿಟ್ಟು ಒಂದು ಬೋಗುಣಿ ಎತ್ತಿಡಬೇಕಾಯಿತಲ್ಲ ಎಂದಷ್ಟೇ ಅನ್ನಿಸಿತು. ಅಂದು ರಾತ್ರಿಯೆಲ್ಲ ಅವರು ಆಗಾಗ ದೇವರ ಹೆಸರು ಹೇಳುತ್ತಿದ್ದುದು ಪಕ್ಕದ ಕೋಣೆಗೆ ಕೇಳುತ್ತಿತ್ತು. ಬೆಳಿಗ್ಗೆ ಗಟ್ಟಿಮುಟ್ಟಾಗಿ ಎದ್ದು, ಫ್ರಿಜ್ಜಿನಲ್ಲಿಟ್ಟಿದ್ದ ಹಿಂದಿನ ದಿನದ ಸಾರಿಗೆ ಬಿಸಿ ಮುದ್ದೆ ಮುರಿದುಕೊಂಡು ಉಂಡರು. ಇವತ್ತಿಗೂ ಚೆನ್ನಾಗಿದ್ದಾರೆ. ಆ ಹೆಂಗಸು ಮತ್ತೆ ಫೋನ್ ಮಾಡಲಿಲ್ಲ.

ನಾನು ಆ ಸಾರನ್ನು ಉಣ್ಣಲಿಲ್ಲ. ಫ್ರಿಜ್‌ನಿಂದ ತೆಗೆದದ್ದು ಎದುರಿಗೆ ಬಂದರೆ ಆ ಬಿಳಿಚಿಕೊಂಡ ಹಲ್ಲಿ ಕಣ್ಣಮುಂದೆ ನಿಲ್ಲುತ್ತಿತ್ತು. ಬಿಸಿಬಿಸಿ ಅನ್ನಕ್ಕೆ ಉಪ್ಪಿನಕಾಯಿ ಕಲಸಿಕೊಂಡು ತಿಂದೆ. ಅಮಾವಾಸ್ಯೆಗೊಮ್ಮೆ ಹಿಂದಿನ ರಟ್ಟು ಬಿಚ್ಚಿ ಮೋಟಾರಿನ ಮೇಲಿನ ತಟ್ಟೆಯನ್ನು ತೊಳೆಯುವುದನ್ನು ಈಗ ರೂಢಿ ಮಾಡಿಕೊಂಡಿದ್ದೇನೆ. ಅದು ಸ್ವಚ್ಛವಾಗಿಯೇ ಇರುತ್ತದೆ. ಆದರೂ ಉಸಿರು ಬಿಗಿಹಿಡಿದುಕೊಂಡೇ ತೆಗೆಯುತ್ತೇನೆ.

ಮೊನ್ನೆ ನಾನು ಹೀಗೆ ತೊಳೆದು ಒಣಗಿಸಿ ಎಲ್ಲ ಜೋಡಿಸಿದ ಮೇಲೆ ನನ್ನ ಗಂಡ ಫೋನು ಹಿಡಿದು ಬಂದರು. ಬಾಗಿಲು ತೆಗೆಸಿ, ಲೈಟು ಹಾಕಿ, ಒಳಗಿನದು, ಹೊರಗಿನದು, ರಬ್ಬರಿನದು, ನಾಲ್ಕು ಕಡೆಯಿಂದ ಫೋಟೋ ತೆಗೆದರು.

"ಯಾಕ್ರೀ?"

"ಇಷ್ಟು ಕ್ಲೀನ್ ಮಾಡಿದ್ಯಲ್ಲೇ, ನಾವು ತಗೊಂಡಿದ್ದಕ್ಕಿಂತ ಜಾಸ್ತಿಗೆ ಹೋಗುತ್ತೆ. ಗ್ರೂಪಲ್ಲಿ ಹಾಕಿ ನೋಡ್ತೀನಿ."

ಫೋಟೋ ತೋರಿಸಿದರು. ಅದರಲ್ಲಿ ಫ್ರಿಜ್ ಅಂಗಡಿಯಿಂದ ಈಗತಾನೇ ಇಳಿಸಿದಂತೆ ಬೆಳ್ಳಗೆ ಹೊಳೆಯುತ್ತಿತ್ತು. ಫೋನನ್ನು ಅವರ ಕೈಗೆ ವಾಪಸು ಕೊಟ್ಟು, ಕೈ ತೊಳೆಯಲು ಹೋದೆ.